ಉಪ್ಪುನೀರಿನ ಅಕ್ವೇರಿಯಂನಲ್ಲಿ ಝೋವಾ (ಹೂವಿನಂಥ ಮೆತ್ತನೆ ಹವಳ) ಎರಡು ವಾರದಿಂದ ಅರಳ್ತಿಲ್ಲ, ಮರಳ ಮೇಲೆ ಕಂದು ಲೋಳೆ, ಕ್ಯಾಲ್ಸಿಯಂ ಬೇರೆ ಕಮ್ಮಿ – ಏನ್ ಹಾಕ್ಲಿ?

ನೀಲಿಬೆಳಕು_ಬೆಂಗ್ಳೂರು

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ನಂದು ಸಂಪ್ (ಫಿಲ್ಟರ್ ತೊಟ್ಟಿ) ಸೇರಿ 150 ಲೀಟರ್ ಟ್ಯಾಂಕು, ಶುರು ಮಾಡಿ ಎಂಟು ತಿಂಗ್ಳಾಯ್ತು, ಬರೀ ಸಾಫ್ಟ್ ಕೋರಲ್‌ಗಳು, ಅಂದ್ರೆ ಕಲ್ಲಿನ ಗೂಡು ಕಟ್ಟದ ಮೆತ್ತನೆ ಹವಳ: ಮೂರು ತರ ಝೋವಾ, ಮಶ್ರೂಮು, ಒಂದು ಲೆದರ್ರು. ಮೀನು ಎರಡು ಕ್ಲೌನು, ಒಂದು ಗೋಬಿ. ಇಷ್ಟು ದಿನ ಚೆನ್ನಾಗೇ ಇತ್ತು, ಮನೆಗೆ ಬಂದೋರು ಟೀವಿ ಬಿಟ್ಟು ಅದ್ರ ಮುಂದೆನೇ ಕೂತ್ಕೋತಿದ್ರು.

ಎರಡು ವಾರದಿಂದ ಝೋವಾ ಎಲ್ಲ ಮೊಗ್ಗು ತರ ಮುಚ್ಕೊಂಡಿವೆ, ಲೆದರ್ ಮೇಲೆ ಮೇಣ ಮೆತ್ತಿದ ಹಾಗೆ ಒಂದು ಪೊರೆ ಬಂದಿದೆ, ಕ್ಲೀನರ್ ಶ್ರಿಂಪ್ ಒಂದಿತ್ತು ಅದು ಸತ್ತೋಯ್ತು, ಮರಳ ಮೇಲೆ ಕಂದು ಲೋಳೆ, ಅದ್ರ ತುದೀಲಿ ಸಣ್ಣ ಸಣ್ಣ ಗುಳ್ಳೆ. ಬೆಳಿಗ್ಗೆ ಸೈಫನ್ ಮಾಡಿ ತೆಗೆದ್ರೆ ಮಧ್ಯಾಹ್ನಕ್ಕೆ ವಾಪಸ್ ಹಾಜರ್. ಮೀನುಗಳು ಮಾತ್ರ ಆರಾಮಾಗಿವೆ, ಊಟ ಚೆನ್ನಾಗ್ ಮಾಡ್ತಿವೆ.

ನಿನ್ನೆ ಟೆಸ್ಟ್ ಮಾಡಿದ್ದು: ಉಪ್ಪು 35 ಪಿಪಿಟಿ (ಸಾವಿರ ಪಾಲಿಗೆ 35), ಟೆಂಪರೇಚರ್ 26, ಪಿಎಚ್ 8.1, ಕೆಎಚ್ (ಕ್ಷಾರತೆ) 7.3, ಕ್ಯಾಲ್ಸಿಯಂ 385, ಮೆಗ್ನೀಷಿಯಂ 1190, ನೈಟ್ರೇಟ್ 0, ಫಾಸ್ಫೇಟ್ 0. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಕಮ್ಮಿ ಅಲ್ವಾ, ಯಾವುದು ಮೊದ್ಲು ಹಾಕ್ಬೇಕು, ಎಷ್ಟು ಹಾಕ್ಬೇಕು ಹೇಳಿ ಪ್ಲೀಸ್.

ರೀಫ್_ರಾಜ_88

ಬ್ರೋ ಎರಡೂ ಹಾಕಿ, ಜೊತೆಗೆ 50 ಪರ್ಸೆಂಟ್ ನೀರ್ ಚೇಂಜ್, ಮೂರು ದಿನ ಲೈಟ್ ಆಫ್, ಒಂದು ಬಾಟ್ಲಿ ಬ್ಯಾಕ್ಟೀರಿಯಾ. ನಂಗೂ ಹಿಂಗೇ ಆಗಿತ್ತು, ಹೋಯ್ತು. ಕ್ಯಾಲ್ಸಿಯಂ ಸೆಟ್ ಆದ್ಮೇಲೆ ಒಂದು ಬ್ರೇನ್ ಕೋರಲ್ ತಂದು ಹಾಕಿ, ಟ್ಯಾಂಕ್ ಲುಕ್ಕೇ ಬೇರೆ.

ಬಂಗುಡೆ_ಮಂಗ್ಳೂರು

ಎಂತ ಮಾರ್ರೆ, ಏನೂ ಹಾಕ್ಬೇಡಿ. ಒಂದು ಚಮಚನೂ ಬೇಡ ಈಗ.

ನಿಮ್ಮ ನಂಬರ್ ಸ್ವಲ್ಪ ಸರಿಯಾಗಿ ನೋಡಿ. ನಿಮ್ಮ ಉಪ್ಪಿನ ಪ್ಯಾಕೆಟ್ ಮೇಲೆ ಎಂತ ಬರ್ದಿದೆ ನಂಗೆ ಗೊತ್ತಿಲ್ಲ, ಆದ್ರೆ ಸುಮಾರು ಉಪ್ಪಿನಲ್ಲಿ 35 ಪಿಪಿಟಿಗೆ ಕಲಸಿದ್ರೆ ಕೆಎಚ್ 8, ಕ್ಯಾಲ್ಸಿಯಂ 420, ಮೆಗ್ನೀಷಿಯಂ 1300 ಹತ್ರ ಬರ್ತದೆ. ನಿಮ್ದು 7.3, 385, 1190. ಭಾಗಿಸಿ ನೋಡಿ, ಮೂರೂ ಸುಮಾರು 0.91, 0.92ಕ್ಕೇ ಬಂದು ನಿಲ್ತದೆ. ಸಾಫ್ಟ್ ಕೋರಲ್ ಟ್ಯಾಂಕಲ್ಲಿ ಕ್ಯಾಲ್ಸಿಯಂ ತಿನ್ನುವವರು ಯಾರು ಉಂಟು? ತಿಂದ್ರೂ ಮೂರನ್ನೂ ಒಂದೇ ಅಳತೆಯಲ್ಲಿ ತಿನ್ಲಿಕ್ಕೆ ಆಗ್ತದಾ? ಮೆಗ್ನೀಷಿಯಂ ಅಂತೂ ಖರ್ಚಾಗೋದೇ ಬಹಳ ನಿಧಾನ. ಮೂರೂ ಒಟ್ಟಿಗೆ ಇಳಿದಿದೆ ಅಂದ್ರೆ ನೀರೇ ತೆಳು ಆಗಿದೆ ಅಂತ ಲೆಕ್ಕ. 35ನ್ನು 0.91ರಿಂದ ಗುಣಿಸಿ, ನಿಮ್ಮ ಟ್ಯಾಂಕ್ 32 ಇರ್ಬೇಕು. ನಿಮ್ಮ ರಿಫ್ರಾಕ್ಟೋಮೀಟರ್, ಆ ಉಪ್ಪು ಅಳೆಯುವ ಮೀಟರು, ಸುಳ್ಳು ಹೇಳ್ತಾ ಉಂಟು.

ಕೊನೇ ಸಲ ಅದನ್ನ ಕ್ಯಾಲಿಬ್ರೇಟ್ ಮಾಡಿದ್ದು ಯಾವಾಗ, ಯಾವ ನೀರಲ್ಲಿ? ಅದಾದ್ಮೇಲೆ ಟ್ಯಾಂಕಿಗೆ ಎಂತ ಮಾಡಿದ್ರಿ? ನಿಜ ಹೇಳಿ, ಬೈಯೋದಿಲ್ಲ.

ಮತ್ತೆ ಬ್ರೇನ್ ಕೋರಲ್ ಅಂದವರಿಗೆ: ರೀಫ್ ಕಟ್ಟುವ ಗಟ್ಟಿ ಹವಳ ಪೂರಾ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿ ಉಂಟು, ಹುಲಿ ಇರುವ ಅದೇ ಶೆಡ್ಯೂಲು. ಸೀ ಫ್ಯಾನ್ ಹವಳವೂ ಅದ್ರಲ್ಲೇ ಬರ್ತದೆ, ಸಮುದ್ರ ಕುದುರೆನೂ. ಅಂಗಡಿಯವ ಕೊಟ್ಟ ಅಂತ ತರೋದಲ್ಲ. ನೇತ್ರಾಣಿ ದ್ವೀಪಕ್ಕೆ ಹೋಗಿ ನೀರೊಳಗೆ ನೋಡ್ಕೊಂಡು ಬನ್ನಿ, ಚಂದ ಉಂಟು.

ನೀಲಿಬೆಳಕು_ಬೆಂಗ್ಳೂರು

ಅಯ್ಯೋ ಸರ್, ಈಗ ಓದಿ ಕೈಕಾಲೇ ತಣ್ಣಗಾಯ್ತು. ಮಾಡಿದ್ದು ಹೇಳ್ತೀನಿ.

ಎರಡು ವಾರದ ಹಿಂದೆ ಭಾನುವಾರ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಉಪ್ಪು ಕಟ್ಟಿತ್ತು ಅಂತ ಒರೆಸಿ, ಟೆರೇಸಲ್ಲಿ ಇಟ್ಟಿದ್ದ ಆರ್‌ಓ ಕ್ಯಾನ್ ಇಂದ ಎರಡು ಹನಿ ಹಾಕಿ, ಸ್ಕ್ರೂ ತಿರುಗ್ಸಿ ಸೊನ್ನೆಗೆ ಸೆಟ್ ಮಾಡ್ದೆ. ಆಮೇಲೆ ಟ್ಯಾಂಕ್ ನೀರು ಹಾಕಿದ್ರೆ 38 ತೋರಿಸ್ತು. ಬೇಸಿಗೆ ಅಲ್ವಾ, ಜಾಸ್ತಿ ಆವಿ ಆಗಿದೆ ಅಂದ್ಕೊಂಡು ಗಾಬರಿಯಾಗಿ ಒಂದು ಬಕೆಟ್ ನೀರು, ಸುಮಾರು 13 ಲೀಟರ್, ತೆಗೆದು ಅಷ್ಟೇ ಆರ್‌ಓ ನೀರು ಹಾಕ್ಬಿಟ್ಟೆ. ಸಂಜೆ 35 ಬಂತು, ಅಬ್ಬಾ ಅಂತ ಮಲ್ಕೊಂಡೆ. ಶ್ರಿಂಪ್ ಸತ್ತಿದ್ದು ಮಾರನೇ ದಿನ ಬೆಳಿಗ್ಗೆ. ಎರಡಕ್ಕೂ ಸಂಬಂಧ ಇದೆ ಅಂತ ಇವತ್ತಿನವರೆಗೂ ಹೊಳೀಲೇ ಇಲ್ಲ.

ಬಂಗುಡೆ_ಮಂಗ್ಳೂರು

ಅಲ್ಲೇ ಕತೆ ಉಂಟು. 150 ಲೀಟರಲ್ಲಿ 13 ಲೀಟರ್ ಸಿಹಿನೀರು ಅಂದ್ರೆ 35 ಇದ್ದದ್ದು ಸರೀ 32 ಆಯ್ತು, ಅದೂ ಒಂದೇ ಸಂಜೆಯಲ್ಲಿ. ಮೀನು ಇದನ್ನ ತಡ್ಕೊಳ್ತದೆ, ಅದಕ್ಕೆ ಕಿಡ್ನಿ ಗಿಡ್ನಿ ಎಲ್ಲ ಉಂಟು, ಶ್ರಿಂಪಿಗೆ ಆಗೋದಿಲ್ಲ, ಅದ್ರ ಮೈಯೊಳಗಿನ ಉಪ್ಪು ಹೊರಗಿನ ನೀರಿನ ಜೊತೆಗೇ ಹೆಚ್ಚುಕಮ್ಮಿ ಆಗ್ತದೆ. 32 ಅಂಕಿಯೇ ಕೆಟ್ಟದ್ದು ಅಂತ ಅಲ್ಲ, ಒಮ್ಮೆಲೇ ಇಳ್ಸಿದ್ದು ತಪ್ಪು.

ರಿಫ್ರಾಕ್ಟೋಮೀಟರ್ ತಪ್ಪಿದ್ದು ಯಾಕೆ ಅಂದ್ರೆ ಎರಡು ಕಾರಣ ಇರ್ಬಹುದು. ಒಂದು, ಅಗ್ಗದ್ದು ಸುಮಾರು ಮೀಟರ್‌ಗಳ ಸ್ಕೇಲು ಅಡುಗೆ ಉಪ್ಪಿನ ನೀರಿಗೆ ಮಾಡಿದ್ದು, ಸಮುದ್ರದ ನೀರಿಗೆ ಅಲ್ಲ, ಸೊನ್ನೆಯಲ್ಲಿ ಸರಿ ಇದ್ರೂ 35ರ ಹತ್ರ ಬರುವಾಗ ಒಂದೂವರೆ ಜಾಸ್ತಿ ತೋರಿಸ್ತದೆ. ಎರಡು, ಟೆರೇಸಿನ ಕ್ಯಾನ್ ನೀರು ಬಿಸಿಲಿಗೆ ಕಾದಿರ್ತದೆ, ಬಿಸಿ ಹನಿ ಹಾಕಿ ತಕ್ಷಣ ಸೊನ್ನೆ ಮಾಡಿದ್ರೆ ಆಮೇಲೆ ಎಲ್ಲಾ ರೀಡಿಂಗೂ ಮೇಲೇ. ಹನಿ ಹಾಕಿ ಮುಚ್ಚಿ ಒಂದು ನಿಮಿಷ ಸುಮ್ನೆ ಕೂರ್ಬೇಕು.

ಈಗ ಮಾಡ್ಬೇಕಾದ್ದು. 35ರ ಸ್ಟ್ಯಾಂಡರ್ಡ್ ನೀರು ಬಾಟ್ಲಿಯಲ್ಲಿ ಸಿಗ್ತದೆ, ಸಿಗದಿದ್ರೆ ಮನೆಯಲ್ಲೇ ಮಾಡಿ: ಅಡುಗೆ ಪುಡಿ ಉಪ್ಪು 36.5 ಗ್ರಾಂ ತೂಗಿ, ಆರ್‌ಓ ನೀರು ಸೇರಿಸಿ ಒಟ್ಟು ತೂಕ ಸರೀ ಒಂದು ಕೆಜಿ ಮಾಡಿ. ಲೀಟರ್ ಅಲ್ಲ, ಕೆಜಿ. ಇದು ರಿಫ್ರಾಕ್ಟೋಮೀಟರಲ್ಲಿ 35ರ ಸಮುದ್ರದ ನೀರಿನ ಹಾಗೇ ಕಾಣ್ಬೇಕು. ಅದ್ರಲ್ಲಿ 35ಕ್ಕೆ ಸೆಟ್ ಮಾಡಿ, ಸೊನ್ನೆಯಲ್ಲಿ ಅಲ್ಲ. ಆಮೇಲೆ ಟ್ಯಾಂಕ್ ನೋಡಿ. 32 ಬಂದ್ರೆ ದಿನಾ ಟಾಪ್ ಅಪ್ ಮಾಡುವ ನೀರಿಗೆ ಬದಲು 35ಕ್ಕೆ ಕಲಸಿದ ಉಪ್ಪುನೀರು ಹಾಕ್ತಾ ಹೋಗಿ. ದಿನಕ್ಕೆ ಎರಡು ಲೀಟರ್ ಆವಿ ಆಗ್ತದೆ ಅಂದ್ರೆ 70 ಗ್ರಾಂ ಉಪ್ಪು ಒಳಗೆ ಹೋಗ್ತದೆ, ಅರ್ಧ ಪಿಪಿಟಿಗೆ ಸ್ವಲ್ಪ ಕಮ್ಮಿ ಏರ್ತದೆ, ಆರೇಳು ದಿನದಲ್ಲಿ ಮುಟ್ತದೆ. ಇಳ್ಸುವಾಗ ಇದ್ದ ಗಡಿಬಿಡಿ ಏರ್ಸುವಾಗ ಬೇಡ.

ನಾನು ಈ ಪಾಠ ಕಲ್ತದ್ದು ಬೇರೆ ರೀತಿ. ಒಮ್ಮೆ ಜುಲೈಯಲ್ಲಿ ಕಡಲಿಂದ ನೇರ ನೀರು ತಂದು ಅಳೀದೆ ಹಾಕಿದ್ದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಎರಡೂ ಹೊಳೆ ತುಂಬಿ ಬರುವಾಗ ನಮ್ಮ ಕರೆಯ ನೀರು ಸಮುದ್ರವಾ ಹೊಳೆಯಾ ಅಂತ ಹೇಳ್ಲಿಕ್ಕೆ ಬರೋದಿಲ್ಲ. ಮರುದಿನ ಬಸವನಹುಳ ಎಲ್ಲ ಮರಳಲ್ಲಿ ಅಂಗಾತ ಬಿದ್ದಿದ್ವು.

ಸ್ಕಿಮ್ಮರ್_ಹುಬ್ಳಿ

ಉಪ್ಪಿನ ವಿಚಾರ ಅವರು ಬರೋಬ್ಬರಿ ಹೇಳ್ಯಾರ, ನಾ ಕಂದು ಲೋಳಿ ಬಗ್ಗೆ ಹೇಳ್ತೀನ್ರಿ. ನೈಟ್ರೇಟ್ 0 ಫಾಸ್ಫೇಟ್ 0 ಅಂತ ಬರ್ದೀರಿ, ಅದು ತಾನಾಗಿ ಆಗಿದ್ದೋ ಏನ್ ನೀವ್ ಏನರ ಹಾಕಿದ್ರೋ? ಮತ್ತ ನಿಮ್ಮ ಆರ್‌ಓ ನೀರಿಂದ ಟಿಡಿಎಸ್ (ನೀರಾಗ ಕರಗಿದ ಲವಣ) ಎಷ್ಟೈತಿ, ಬೋರಿಂದೋ ಕಾವೇರಿದೋ?

ನೀಲಿಬೆಳಕು_ಬೆಂಗ್ಳೂರು

ಮೊದ್ಲು ಕಾವೇರಿ ಬರ್ತಿತ್ತು, ಮಾರ್ಚ್ ಇಂದ ಬೋರ್ ಮತ್ತೆ ಟ್ಯಾಂಕರ್ ಮಿಕ್ಸ್. ಆವಾಗ್ಲೇ ಗಾಜಿನ ಮೇಲೆ ಕಂದು ಧೂಳು ಶುರುವಾಯ್ತು, ಫಾಸ್ಫೇಟ್ ಇರ್ಬೇಕು ಅಂತ ಅದನ್ನ ಹೀರೋ ಕಬ್ಬಿಣದ ಹರಳು ಜಿಎಫ್‌ಓ ಹಾಕ್ದೆ, ಪ್ಯಾಕೆಟ್ಟಲ್ಲಿ ಹೇಳಿದ್ದಕ್ಕಿಂತ ಡಬಲ್ 🙈 ಈಗ ಚೆಕ್ ಮಾಡ್ದೆ: ಬೋರ್ 910, ಮೆಂಬ್ರೇನ್ ಆದ್ಮೇಲೆ 38, ಡಿಐ (ಉಳಿದ ಲವಣ ಹಿಡಿಯೋ ರೆಸಿನ್) ಆದ್ಮೇಲೆ 9. ಒಂಬತ್ತು ಅಂದ್ರೆ ಪರವಾಗಿಲ್ಲ ಅಲ್ವಾ?

ಸ್ಕಿಮ್ಮರ್_ಹುಬ್ಳಿ

ಪರವಾಗ ಐತ್ರಿ 😀 ಡಿಐ ಆದಮ್ಯಾಲ ಸೊನ್ನಿನೇ ಇರಬೇಕು. ಒಂಬತ್ತು ಬರಾಕತ್ತೈತಿ ಅಂದ್ರ ರೆಸಿನ್ ಯಾವಾಗೋ ಸತ್ತೈತಿ, ಮತ್ತ ಟಿಡಿಎಸ್ ಮೀಟರ್‌ಗೆ ಸಿಲಿಕಾ ಸರಿಯಾಗಿ ಕಾಣೂದಿಲ್ಲ. ರೆಸಿನ್ ಸೋಲಾಕ ಶುರುವಾದಾಗ ಮೊದಲ ತಪ್ಪಿಸ್ಕೊಂಡು ಬರೂದೇ ಸಿಲಿಕಾ, ಮೀಟರ್ ಇನ್ನೂ ಸೊನ್ನಿ ತೋರಿಸ್ತಿದ್ರೂ ಅದು ಒಳಗ ಬಂದಿರ್ತೈತಿ. ನಿಮ್ಮ ಕಡೆ ಕಲ್ಲುಬಂಡಿ ಒಳಗಿನ ಬೋರ್ ನೀರು, ಸಿಲಿಕಾಕ್ಕ ಬರಗಾಲ ಇಲ್ಲ. ಮ್ಯಾಲ ಬೋರ್ ನೀರಾಗ ಕಾರ್ಬನ್ ಡೈಆಕ್ಸೈಡ್ ಕರಗಿರ್ತೈತಿ, ಅದು ಮೆಂಬ್ರೇನ್‌ಗೆ ಸಿಗೂದಿಲ್ಲ, ಸೀದಾ ದಾಟಿ ಹೋಗಿ ರೆಸಿನ್ ತಿಂದ್ ಮುಗಸ್ತೈತಿ. ಕಾವೇರಿ ನೀರಿಗೆ ವರ್ಷ ಬಂದಿದ್ದ ರೆಸಿನ್ ಬೋರಿಗೆ ಎರಡ್ ತಿಂಗಳಿಗೆ ಮುಗದ್ರ ಆಶ್ಚರ್ಯ ಪಡಬ್ಯಾಡ್ರಿ.

ಅಂದ್ರ ಮಾರ್ಚ್‌ನಾಗ ಬಂದಿದ್ದ ಕಂದು ಧೂಳು ಸಿಲಿಕಾ ತಿನ್ನೂ ಡಯಾಟಮ್ ಅನ್ನೂ ಸಣ್ಣ ಪಾಚಿ. ಗಾಜಿನ ಮ್ಯಾಲ ಬೆರಳ ಎಳದ್ರ ಹೋಗ್ತೈತಿ, ಪಾಪದ್ದು. ನೀವು ಅದಕ್ಕ ಡಬಲ್ ಜಿಎಫ್‌ಓ ಹಾಕಿ ಫಾಸ್ಫೇಟ್ ಪೂರಾ ಒರಸಿ ತಗದ್ರಿ. ಎಲ್ಲಾ ಸೊನ್ನಿ ಆದಾಗ ಒಳ್ಳೇ ಪಾಚಿ, ಬ್ಯಾಕ್ಟೀರಿಯಾ ಸೊರಗ್ತಾವು, ಆ ಖಾಲಿ ಜಾಗಾಕ್ಕ ಡೈನೋ (ಡೈನೋಫ್ಲಾಜೆಲೇಟ್ ಅನ್ನೂ ಸೂಕ್ಷ್ಮಜೀವಿ) ಬಂದು ಕುಂದ್ರತೈತಿ. ಗುಳ್ಳಿ ಐತಿ, ಲೋಳಿ ಐತಿ, ತಗದ್ರ ಮಧ್ಯಾಹ್ನಕ್ಕ ವಾಪಸ್ ಬರ್ತೈತಿ ಅಂದ್ರ ನನಗ ಡೈನೋನೇ ಅನಸ್ತೈತಿ.

ಖಾತ್ರಿ ಮಾಡ್ಕೋಳಾಕ ಒಂದು ಸ್ವಲ್ಪ ಲೋಳಿನ ಟ್ಯಾಂಕ್ ನೀರಿನ ಜೋಡಿ ಸಣ್ಣ ಬಾಟ್ಲಿಗೆ ಹಾಕಿ ಗಲಗಲ ಅಲುಗಾಡಿಸ್ರಿ, ಟಿಶ್ಯೂ ಒಳಗ ಸೋಸಿ, ಸೋಸಿದ ನೀರನ್ನ ಗ್ಲಾಸಿನಾಗ ಲೈಟ್ ಕೆಳಗ ಒಂದ್ ತಾಸು ಇಡ್ರಿ. ಮತ್ತ ಒಂದಕ್ಕೊಂದು ಕೂಡಿ ಎಳಿ ಎಳಿ ಆತು ಅಂದ್ರ ಡೈನೋ. ಅದಾದ್ರ ನೀರ್ ಚೇಂಜ್ ಬಂದ್ ಮಾಡ್ರಿ, ನೀರ್ ಬದಲಿ ಮಾಡಿದಷ್ಟೂ ಅದಕ್ಕ ಹಬ್ಬ. 50 ಪರ್ಸೆಂಟ್ ಅಂದಾರಲ್ಲ ಮ್ಯಾಲ, ಅದಂತೂ ಬ್ಯಾಡೇ ಬ್ಯಾಡ. ಜಿಎಫ್‌ಓ ಹೊರಗ ತಗೀರಿ, ಮೀನಿಗೆ ಕೈ ಬಿಚ್ಚಿ ಊಟ ಹಾಕ್ರಿ, ಸ್ಕಿಮ್ಮರ್ (ನೊರಿ ಎಬ್ಬಿಸಿ ಹೊಲಸು ತಗಿಯೂ ಯಂತ್ರ) ರಾತ್ರಿ ಅಷ್ಟ ಓಡಸ್ರಿ. ನೈಟ್ರೇಟ್ 5 ರಿಂದ 10, ಫಾಸ್ಫೇಟ್ 0.05 ರಿಂದ 0.1 ಒಳಗ ನಿಂತ್ರ ಸಾಕು.

ರೀಫ್_ರಾಜ_88

ಸರಿ ಗುರುಗಳೇ, ನಂದು ವಾಪಸ್ ತಗೊಂಡೆ. ನಂದು ಡೈನೋ ಆಗಿರ್ಲಿಲ್ಲ ಅನ್ಸತ್ತೆ, ಕೆಂಪಗಿತ್ತು.

ನೀಲಿಬೆಳಕು_ಬೆಂಗ್ಳೂರು

ಹದಿನಾರು ದಿನ ಆದ್ಮೇಲೆ ಅಪ್‌ಡೇಟ್. ಉಪ್ಪು 36.5 ಗ್ರಾಂ ತೂಗಿ ನೀರು ಮಾಡಿ ನೋಡಿದ್ರೆ ನನ್ ಮೀಟರ್ 38 ತೋರಿಸ್ತು, ಸರಿ ಮಾಡಿ ಟ್ಯಾಂಕ್ ನೋಡಿದ್ರೆ 32, ಬಂಗುಡೆ ಸರ್ ಬಾಯಿಗೆ ಸಕ್ಕರೆ ಹಾಕ್ಬೇಕು. ಏಳು ದಿನದಲ್ಲಿ 35ಕ್ಕೆ ಬಂತು. ಏನೂ ಡೋಸ್ ಮಾಡ್ದೇ ಕ್ಯಾಲ್ಸಿಯಂ 420, ಮೆಗ್ನೀಷಿಯಂ 1300! ಟಿಶ್ಯೂ ಟೆಸ್ಟಲ್ಲಿ ಮುಕ್ಕಾಲು ಗಂಟೆಗೇ ಜೇಡರಬಲೆ ತರ ಎಳೆ ಬಂತು, ಡೈನೋನೇ. ರೆಸಿನ್ ಬದಲಾಯಿಸ್ದೆ, ನೀರು ಈಗ ಸೊನ್ನೆ. ನೈಟ್ರೇಟ್ 4 ಇದೆ, ಫಾಸ್ಫೇಟ್ 0.04. ಲೋಳೆ ಪೂರ್ತಿ ಹೋಗಿಲ್ಲ, ಮೂಲೇಲಿ ಅಂಗೈ ಅಗಲ ಉಳಿದಿದೆ. ಝೋವಾ ಮೊನ್ನೆ ಬೆಳಿಗ್ಗೆ ಒಂದೊಂದಾಗಿ ಬಿಡಿಸ್ಕೊಂಡವು, ಲೈಟ್ ಆನ್ ಆದ ಹತ್ತು ನಿಮಿಷಕ್ಕೆ, ನಾನು ಆಫೀಸ್ ಕ್ಯಾಬ್ ಬಿಟ್ಟು ನೋಡ್ತಾ ನಿಂತಿದ್ದೆ. ಲೆದರ್ ಪೊರೆ ಕಳಚಿದೆ ಆದ್ರೆ ಇನ್ನೂ ಮುನಿಸ್ಕೊಂಡೇ ಇದೆ. ಶ್ರಿಂಪ್ ಸದ್ಯಕ್ಕೆ ತರಲ್ಲ, ಮನಸ್ಸಾಗ್ತಿಲ್ಲ.

ಒಂದು ಡೌಟು, ಆ ಕ್ಯಾಲಿಬ್ರೇಷನ್ ನೀರು ಒಂದು ಬಾಟ್ಲಿ ಉಳಿದಿದೆ, ಎಷ್ಟು ದಿನ ಇಡ್ಬಹುದು?

ಬಂಗುಡೆ_ಮಂಗ್ಳೂರು

ಮುಚ್ಚಳ ಗಟ್ಟಿ ಇದ್ರೆ ಎಷ್ಟೋ ತಿಂಗಳು ಇಡ್ಬಹುದು, ಆವಿ ಹೋಗ್ಬಾರ್ದು ಅಷ್ಟೇ, ಹೋದ್ರೆ ಮತ್ತೆ ಅದೇ ಕತೆ. ಮೇಲೆ ದೊಡ್ಡದಾಗಿ ಹೆಸರು ಬರ್ದು ಇಡಿ. ನಮ್ಮಲ್ಲಿ ಅಡುಗೆಮನೆಯಲ್ಲಿ ಇಟ್ಟಿದ್ದೆ, ಅದನ್ನೇ ಸಾರಿಗೆ ಹೊಯ್ದಿದ್ರು ಮಾರ್ರೆ.