ಅಪ್‌ಡೇಟ್: ಆಯಿಯ ಏದುಸಿರು ವಯಸ್ಸಿನದ್ದಲ್ಲ, ಸಿಒಪಿಡಿ (ಉಸಿರುನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಂತೆ

ಹೋದ ತಿಂಗಳು ಕೇಳಿದ್ದೆ. ಶಿರಸಿ ಹತ್ತಿರದ ನಮ್ಮ ಊರಲ್ಲಿ ಆಯಿಗೆ (ಅಮ್ಮ, 63 ವರ್ಷ) ತೋಟದಿಂದ ಮನೆಗೆ ದಿಬ್ಬ ಹತ್ತುವಾಗ ಏದುಸಿರು, ಬೆಳಿಗ್ಗೆ ಕಫ. ಬೀಡಿ ಮುಟ್ಟಿದವಳೇ ಅಲ್ಲ, ಹಾಗಾದ್ರೆ ಇದೇನು ಅಂತ. ಸ್ಪೈರೋಮೆಟ್ರಿ (ಉಸಿರು ಅಳೆಯುವ ಪರೀಕ್ಷೆ) ಮಾಡಿಸಿ ಅಂತ ಹಲವರು ಹೇಳಿದಿರಿ. ಮಾಡಿಸಿದೆವು.

ನಳಿಗೆಗೆ ಜೋರಾಗಿ ಊದಬೇಕು, ಅಷ್ಟೇ. ಹೊರಬಿಟ್ಟ ಒಟ್ಟು ಗಾಳಿಯಲ್ಲಿ ಮೊದಲ 1 ಸೆಕೆಂಡಿಗೆ ಎಷ್ಟು ಬಂತು ಅಂತ ನೋಡುತ್ತಾರೆ. ಉಸಿರುನಾಳ ಹಿಗ್ಗಿಸುವ ಔಷಧ ಎಳೆದ ಮೇಲೂ 70%ಗಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಅಂತ ಅರ್ಥ. ಆಯಿಯದು 58%. ಆಸ್ತಮಾದಲ್ಲಿ ಔಷಧದ ನಂತರ ಸಾಮಾನ್ಯವಾಗಿ ಚೆನ್ನಾಗಿ ಏರುತ್ತದೆ, ಇವಳದ್ದು ಏರಲೇ ಇಲ್ಲ, ಹಾಗಾಗಿ ಸಿಒಪಿಡಿ ಅಂದರು.

ಉಸಿರು ಒಳಗೆ ಹೋಗುತ್ತಿಲ್ಲ ಅಂದುಕೊಂಡಿದ್ದೆ. ತೊಂದರೆ ಇರುವುದು ಹೊರಬಿಡುವುದರಲ್ಲಿ! ಹಳೆ ಗಾಳಿ ಒಳಗೇ ಉಳಿದರೆ ಹೊಸದಕ್ಕೆ ಜಾಗ ಎಲ್ಲಿ, ಅಲ್ವಾ? ಕಾರಣ ಹೊಗೆ. 40 ವರ್ಷ ಅಡುಗೆ ಒಲೆ, ಬಚ್ಚಲ ಒಲೆ, ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಒಲೆ. ನಾವ್ಯಾರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಈಗ ಇನ್‌ಹೇಲರ್. ಮೊದಲ ವಾರ ಸುಮ್ನೆ ಬಾಯಿಗೆ ಹೊಡೆದುಕೊಳ್ಳುತ್ತಿದ್ದಳು, ಔಷಧ ಜಾಸ್ತಿ ಗಂಟಲಲ್ಲೇ ಉಳಿಯುತ್ತಿತ್ತು. ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ತಂದ ಮೇಲೆ ಸರಿಹೋಯಿತು. ತುಟಿ ಚೂಪು ಮಾಡಿ ನಿಧಾನ ಉಸಿರು ಬಿಡುವುದನ್ನೂ ಕಲಿಸಿದ್ದಾರೆ. "ಒಲೆ ಊದಿದ ಹಾಗೇ" ಅಂತ ನಗುತ್ತಾಳೆ.

ಹಾಳಾದ ಭಾಗ ಮೊದಲಿನಂತೆ ಆಗುವುದಿಲ್ಲ ಅಂತ ಡಾಕ್ಟರ್ ನೇರವಾಗಿ ಹೇಳಿದರು. ಬಚ್ಚಲಿಗೆ ಗೀಸರ್ ಹಾಕಿಸಿದೆ. ದೋಸೆ ಮಾತ್ರ ಸೌದೆ ಒಲೆಯಲ್ಲೇ ಆಗಬೇಕಂತೆ. ಆ ಜಗಳ ಇನ್ನೂ ಮುಗಿದಿಲ್ಲ.