ಬೇಸ್ ಕ್ಲಾಸ್ ಪಾಯಿಂಟರಿನ ಹಿಂದಿರುವ ನಿಜವಾದ ಕ್ಲಾಸನ್ನು ಜಿಡಿಬಿ ಸರಿಯಾಗಿ ಹೇಳುತ್ತದೆಯೇ? ಟೆಸ್ಟು ಹೇಗಿರಬೇಕು?

ಪ್ರಶ್ನೆ (ಎಲೆಕ್ಟ್ರಾನಿಕ್ ಸಿಟಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕ ತಂಡ ಹೊಸ ಬೋರ್ಡೊಂದಕ್ಕೆ ಜಿಡಿಬಿಯನ್ನು (ಪ್ರೋಗ್ರಾಮಿನ ತಪ್ಪು ಹುಡುಕಲು ನೆರವಾಗುವ ಡೀಬಗರ್) ಹೊಂದಿಸಿಕೊಡುವ ಕೆಲಸದಲ್ಲಿ ತೊಡಗಿದೆ. ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿನಲ್ಲಿ ‘ಸೆಟ್ ಪ್ರಿಂಟ್ ಆಬ್ಜೆಕ್ಟ್ ಆನ್’ ಎಂದು ಕೊಟ್ಟ ಮೇಲೆ, ಬೇಸ್ ಕ್ಲಾಸಿನ (ಇತರ ಕ್ಲಾಸುಗಳಿಗೆ ಮೂಲವಾದ ಕ್ಲಾಸಿನ) ಪಾಯಿಂಟರನ್ನು ಪ್ರಿಂಟ್ ಮಾಡಿದರೆ ಅದರ ಹಿಂದಿರುವ ಆಬ್ಜೆಕ್ಟಿನ ನಿಜವಾದ ಕ್ಲಾಸು ಕಾಣಬೇಕು. ಒಂದೇ ಫೈಲಿನಲ್ಲಿ ಬರೆದ ನಮ್ಮ ಟೆಸ್ಟು ಪಾಸಾಗುತ್ತಿದೆ. ಆದರೆ ಹಲವು ಲೈಬ್ರರಿಗಳಿರುವ ಗ್ರಾಹಕರ ಪ್ರೋಗ್ರಾಮಿನಲ್ಲಿ ಕೆಲವು ಕ್ಲಾಸುಗಳಿಗೆ ಮಾತ್ರ, ಇಂಥ ಕ್ಲಾಸಿನ ಆರ್‌ಟಿಟಿಐ ಸಿಂಬಲ್ ಸಿಗಲಿಲ್ಲ ಎಂಬ ಎಚ್ಚರಿಕೆ ಬರುತ್ತಿದೆ (ಆರ್‌ಟಿಟಿಐ ಎಂದರೆ ಪ್ರೋಗ್ರಾಮ್ ಓಡುವಾಗ ಆಬ್ಜೆಕ್ಟಿನ ಟೈಪ್ ತಿಳಿಸುವ ಮಾಹಿತಿ). ಅವರು ಆರ್‌ಟಿಟಿಐಯನ್ನು ಆಫ್ ಮಾಡಿ ಕಂಪೈಲ್ ಮಾಡಿರುವುದೇ ಇದಕ್ಕೆ ಕಾರಣವಿರಬಹುದೇ? ನಮ್ಮ ಟೆಸ್ಟಿನಲ್ಲಿ ಇನ್ನೂ ಯಾವ ಸಂದರ್ಭಗಳು ಇರಬೇಕು?

ಉತ್ತರ (ಬಸವನಗುಡಿಯಿಂದ)

ಆರ್‌ಟಿಟಿಐ ಆಫ್ ಆಗಿರುವುದು ಕಾರಣವಲ್ಲ ಸರ್. ಎಚ್ಚರಿಕೆಯ ಸಾಲಿನಲ್ಲಿ ಆರ್‌ಟಿಟಿಐ ಎಂಬ ಮಾತಿದ್ದರೂ, ಲಿನಕ್ಸಿನಲ್ಲಿ ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರುಗಳೆರಡೂ ಪಾಲಿಸುವ ಇಟೇನಿಯಂ ಎಬಿಐ (ಆಬ್ಜೆಕ್ಟುಗಳು ಮೆಮೊರಿಯಲ್ಲಿ ಹೇಗಿರಬೇಕು ಎಂಬಂಥ ನಿಯಮಗಳ ಒಪ್ಪಂದ) ಪ್ರಕಾರದ ಪ್ರೋಗ್ರಾಮುಗಳಲ್ಲಿ, ಜಿಡಿಬಿ ಈ ಕೆಲಸಕ್ಕೆ ಆರ್‌ಟಿಟಿಐಯ ಟೈಪ್ ಇನ್ಫೋ ಆಬ್ಜೆಕ್ಟನ್ನು ಓದುವುದಿಲ್ಲ. ಆಬ್ಜೆಕ್ಟಿನೊಳಗಿನ ವಿಟೇಬಲ್ ಪಾಯಿಂಟರನ್ನು (ಕ್ಲಾಸಿನ ವರ್ಚುವಲ್ ಫಂಕ್ಷನ್ನುಗಳ ಪಟ್ಟಿಯಾದ ವಿಟೇಬಲ್ಲಿನ ವಿಳಾಸ) ಓದಿ, ಆ ವಿಳಾಸಕ್ಕೆ ಸೇರಿದ ಲಿಂಕರ್ ಸಿಂಬಲ್ (ಬೈನರಿಯಲ್ಲಿ ಆ ವಿಳಾಸಕ್ಕಿರುವ ಹೆಸರು) ಯಾವುದೆಂದು ಹುಡುಕಿ, ‘ವಿಟೇಬಲ್ ಫಾರ್ ಬಸ್’ ಎಂಬಂಥ ಆ ಹೆಸರಿನಿಂದ ‘ಬಸ್’ ಎಂಬುದನ್ನಷ್ಟೇ ಉಳಿಸಿಕೊಂಡು, ಆ ಹೆಸರಿನ ಕ್ಲಾಸನ್ನು ಡೀಬಗ್ ಮಾಹಿತಿಯಲ್ಲಿ (ಡೀಬಗರಿಗಾಗಿ ಕಂಪೈಲರ್ ಬರೆದಿಡುವ ವಿವರ) ಅರಸುತ್ತದೆ. ಅಂದರೆ ಇಡೀ ಕೆಲಸ ನಿಂತಿರುವುದು ಹೆಸರಿನ ಮೇಲೆ. ಆದ್ದರಿಂದ ಹೆಸರು ಎಲ್ಲೆಲ್ಲಿ ಕೈಕೊಡಬಹುದೋ ಅಲ್ಲೆಲ್ಲ ಒಂದೊಂದು ಟೆಸ್ಟು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ನಿಮಗೆ ಬಂದಿರುವ ಎಚ್ಚರಿಕೆಯಲ್ಲಿಯೇ ಸುಳಿವಿದೆ. ವಿಟೇಬಲ್ಲಿನ ಸಿಂಬಲ್ಲೇ ಇಲ್ಲದಿದ್ದರೆ, ಉದಾಹರಣೆಗೆ ಬೈನರಿಯನ್ನು ಸ್ಟ್ರಿಪ್ ಮಾಡಿದ್ದರೆ (ಸಿಂಬಲ್ಲುಗಳನ್ನು ತೆಗೆದುಹಾಕಿದ್ದರೆ), ವರ್ಚುವಲ್ ಟೇಬಲ್ಲಿನ ಲಿಂಕರ್ ಸಿಂಬಲ್ ಸಿಗಲಿಲ್ಲ ಎಂಬ ಬೇರೆಯೇ ಸಂದೇಶ ಬರುತ್ತದೆ. ನಿಮ್ಮಲ್ಲಿ ವಿಟೇಬಲ್ ಸಿಕ್ಕಿದೆ, ಆ ಹೆಸರಿನ ಕ್ಲಾಸಿನ ವಿವರ ಸಿಕ್ಕಿಲ್ಲ. ಕಂಪೈಲರುಗಳು ಡೀಬಗ್ ಮಾಹಿತಿಯ ಗಾತ್ರ ತಗ್ಗಿಸಲು, ವರ್ಚುವಲ್ ಫಂಕ್ಷನ್ನುಗಳಿರುವ ಕ್ಲಾಸಿನ ಪೂರ್ಣ ವಿವರವನ್ನು ಸಾಮಾನ್ಯವಾಗಿ ಅದರ ವಿಟೇಬಲ್ ಹುಟ್ಟುವ ಫೈಲಿನಲ್ಲಿ ಮಾತ್ರ ಇಡುತ್ತವೆ. ಆ ಒಂದು ಫೈಲನ್ನು ಡೀಬಗ್ ಮಾಹಿತಿಯಿಲ್ಲದೆ ಕಂಪೈಲ್ ಮಾಡಿದ್ದರೆ, ಉಳಿದ ಎಲ್ಲ ಫೈಲುಗಳಲ್ಲಿ ಅದು ಇದ್ದರೂ ಪ್ರಯೋಜನವಿಲ್ಲ. ಬೇಸ್ ಕ್ಲಾಸನ್ನು ಒಂದು ಫೈಲಿನಲ್ಲಿ, ಡಿರೈವ್ಡ್ ಕ್ಲಾಸನ್ನು ಇನ್ನೊಂದರಲ್ಲಿ ಬರೆದು, ಎರಡನೆಯದನ್ನು ಡೀಬಗ್ ಮಾಹಿತಿಯಿಲ್ಲದೆ ಕಂಪೈಲ್ ಮಾಡಿ ನೋಡಿ. ಬಹುತೇಕ ಇದೇ ಎಚ್ಚರಿಕೆ ನಿಮ್ಮ ಮೇಜಿನ ಮೇಲೆಯೇ ಕಾಣಿಸುತ್ತದೆ, ಗ್ರಾಹಕರ ಕೋಡ್ ಬೇಕಾಗುವುದಿಲ್ಲ.

ಹೆಸರು ಇದ್ದೂ ಹೊಂದದಿರುವ ಸಂದರ್ಭಗಳೂ ಇವೆ. ಟೆಂಪ್ಲೇಟಿನ ಆರ್ಗ್ಯುಮೆಂಟ್ ಅನ್‌ಸೈನ್ಡ್ ಸಂಖ್ಯೆಯಾಗಿದ್ದರೆ ಸಿಂಬಲ್ಲಿನಲ್ಲಿ ‘3ಯು’ ಎಂದೂ ಡೀಬಗ್ ಮಾಹಿತಿಯಲ್ಲಿ ಬರೀ ‘3’ ಎಂದೂ ಇರಬಹುದು. ಹೆಸರಿಲ್ಲದ ನೇಮ್‌ಸ್ಪೇಸಿನೊಳಗೆ ಎರಡು ಫೈಲುಗಳಲ್ಲಿ ಒಂದೇ ಹೆಸರಿನ ಕ್ಲಾಸಿದ್ದರೆ ಅಪಾಯ ಇನ್ನೂ ಹೆಚ್ಚು: ನಮ್ಮ ಊರಿನ ಪ್ರತಿಯೊಂದು ಬಡಾವಣೆಯಲ್ಲೂ ಐದನೇ ಕ್ರಾಸ್ ಇರುವಂತೆ, ಹೆಸರು ಸರಿಯಿದ್ದೂ ತಲುಪಿದ ಜಾಗ ತಪ್ಪಾಗಬಹುದು. ಅಲ್ಲಿ ಎಚ್ಚರಿಕೆಯೂ ಬರುವುದಿಲ್ಲ. ಹೀಗಾಗಿ ಟೆಸ್ಟು ಕ್ಲಾಸಿನ ಹೆಸರನ್ನಷ್ಟೇ ಹೋಲಿಸದೆ, ಆ ಎರಡು ಕ್ಲಾಸುಗಳಿಗೆ ಬೇರೆ ಬೇರೆ ಮೆಂಬರುಗಳನ್ನು ಕೊಟ್ಟು ಅವುಗಳ ಮೌಲ್ಯವನ್ನೂ ನೋಡಬೇಕು.

ಉತ್ತರ (ಮಲ್ಲೇಶ್ವರದಿಂದ)

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಒಂದಕ್ಕಿಂತ ಹೆಚ್ಚು ಬೇಸ್ ಕ್ಲಾಸುಗಳಿರುವಾಗ ಎರಡನೆಯ ಬೇಸಿನ ಪಾಯಿಂಟರಿನ ಮೂಲಕವೇ ಪರೀಕ್ಷಿಸಿ. 64 ಬಿಟ್ ಯಂತ್ರದಲ್ಲಿ ಮೊದಲ ಬೇಸಿನಲ್ಲಿ ವಿಟೇಬಲ್ ಪಾಯಿಂಟರಿನ ಜೊತೆಗೆ ಒಂದು ಇಂಟ್ ಇದ್ದರೆ, ತನ್ನದೇ ವಿಟೇಬಲ್ ಪಾಯಿಂಟರಿರುವ ಎರಡನೆಯ ಬೇಸು 16ನೇ ಬೈಟಿನಿಂದ ಆರಂಭವಾಗುತ್ತದೆ. ಅದರ ವಿಟೇಬಲ್ಲಿನಲ್ಲಿ ಆಬ್ಜೆಕ್ಟಿನ ತಲೆಗೆ ಇರುವ ಅಂತರ -16 ಎಂದು ದಾಖಲಾಗಿರುತ್ತದೆ. ಪ್ರಿಂಟ್ ಆಬ್ಜೆಕ್ಟ್ ಆನ್ ಇದ್ದಾಗ ಜಿಡಿಬಿ ತೋರಿಸುವ ವಿಳಾಸ ಅಷ್ಟೇ ಹಿಂದಕ್ಕೆ ಸರಿದಿರಬೇಕು. ಕ್ಲಾಸಿನ ಹೆಸರು ಸರಿ ಬಂದು ವಿಳಾಸ ತಪ್ಪಿದರೆ ಮೆಂಬರುಗಳೆಲ್ಲ ಕಸವಾಗಿ ಕಾಣುತ್ತವೆ.

ಕನ್‌ಸ್ಟ್ರಕ್ಟರ್ ನಡೆಯುತ್ತಿರುವಾಗಲೂ ನೋಡಿ. ಬೇಸಿನ ಕನ್‌ಸ್ಟ್ರಕ್ಟರಿನೊಳಗೆ ನಿಂತು ‘ದಿಸ್’ ಪ್ರಿಂಟ್ ಮಾಡಿದರೆ ಬೇಸ್ ಕ್ಲಾಸೇ ಬರಬೇಕು, ಏಕೆಂದರೆ ಆ ಕ್ಷಣಕ್ಕೆ ಭಾಷೆಯ ನಿಯಮದ ಪ್ರಕಾರವೇ ಅದು ಬೇಸ್ ಕ್ಲಾಸಿನ ಆಬ್ಜೆಕ್ಟು. ಬ್ರೇಕ್‌ಪಾಯಿಂಟನ್ನು ಫಂಕ್ಷನ್ನಿನ ಹೆಸರಿಗೆ ಹಾಕದೆ ಒಳಗಿನ ಒಂದು ಸಾಲಿಗೆ ಹಾಕಿ. ಬಾಗಿಲಲ್ಲೇ ನಿಂತರೆ ವಿಟೇಬಲ್ ಪಾಯಿಂಟರ್ ಇನ್ನೂ ತುಂಬಿರದೇ ಹೋಗಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಸವನಗುಡಿಯವರ ಅನುಮಾನ ನಿಜವಾಯಿತು: ಎಚ್ಚರಿಕೆ ಬರುತ್ತಿರುವ ಕ್ಲಾಸುಗಳೆಲ್ಲ ಡೀಬಗ್ ಮಾಹಿತಿಯಿಲ್ಲದೆ ಕಂಪೈಲಾದ ಒಂದೇ ಲೈಬ್ರರಿಗೆ ಸೇರಿವೆ. ಇನ್ನೊಂದು ಪ್ರಶ್ನೆ: ಟೆಂಪ್ಲೇಟಿನ ಟೆಸ್ಟು ಫೇಲಾದಾಗ ಅದನ್ನು ಎಕ್ಸ್‌ಫೇಲ್ (ನಿರೀಕ್ಷಿತ ಫೇಲ್) ಎಂದು ಗುರುತಿಸಬಹುದೇ?

ಉತ್ತರ (ಬಸವನಗುಡಿಯಿಂದ)

ಎಕ್ಸ್‌ಫೇಲ್ ಇರುವುದು ಕಂಪೈಲರ್, ಆಪರೇಟಿಂಗ್ ಸಿಸ್ಟಮ್‌ನಂಥ ಹೊರಗಿನ ಕಾರಣಗಳಿಗೆ. ತಪ್ಪು ಜಿಡಿಬಿಯದೇ ಆಗಿದ್ದು ಅದು ಈಗಾಗಲೇ ದಾಖಲಾಗಿದ್ದರೆ ಕೆಫೇಲ್ (ಗೊತ್ತಿರುವ ಫೇಲ್) ಎಂದು, ಬಗ್ ಸಂಖ್ಯೆಯೊಂದಿಗೆ ಬರೆಯಬೇಕು. ಹೆಸರಿನ ಹೊಂದಾಣಿಕೆಯ ವಿಷಯದಲ್ಲಿ ಹೊಣೆ ಯಾರದೆಂದು ಮೊದಲು ಸಿಂಬಲ್ಲನ್ನೂ ಡ್ವಾರ್ಫ್ ರೂಪದ ಡೀಬಗ್ ಮಾಹಿತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ ತೀರ್ಮಾನಿಸಿ. ಜಿಡಿಬಿಯ ಟೆಸ್ಟ್‌ಸೂಟಿನಲ್ಲಿ ಸಿ ಪ್ಲಸ್ ಪ್ಲಸ್ ಟೆಸ್ಟುಗಳಿರುವ ಡೈರೆಕ್ಟರಿಯಲ್ಲಿ ಆರ್‌ಟಿಟಿಐ ಹೆಸರಿನದೇ ಒಂದು ಟೆಸ್ಟಿದೆ. ಅದೂ ಎರಡು ಸೋರ್ಸ್ ಫೈಲುಗಳನ್ನು ಜೋಡಿಸಿಯೇ ನಡೆಯುತ್ತದೆ. ನಿಮ್ಮದನ್ನು ಅದರ ಮಾದರಿಯಲ್ಲೇ ಬರೆಯಿರಿ.