ಅಪ್‌ಡೇಟ್: ಟೇಬಲ್ ಎತ್ತಿಟ್ಟೆ!
ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಮತದಾರರ ನೋಂದಣಿಗೆ ಟೇಬಲ್ ಹಾಕಿ ಕೂತರೆ ಯಾರೂ ತಿರುಗಿಯೂ ನೋಡುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ನಮ್ಮಲ್ಲಿ ಹಾಸ್ಟೆಲ್ ಇಲ್ಲ, ಎಲ್ಲರೂ ಕ್ಲಾಸ್ ಮುಗಿಸಿ ಕೆಲಸಕ್ಕೆ ಓಡುವವರೇ. ಹಾಗಾಗಿ ನೀವು ಹೇಳಿದಂತೆ ಸಂಜೆ ಕ್ಲಾಸಿಗೇ ಹೋದೆ. ಮೇಷ್ಟ್ರು ಹತ್ತು ನಿಮಿಷ ಬಿಟ್ಟುಕೊಟ್ಟರು. ಫೋನಿನಲ್ಲೇ ಫಾರ್ಮ್ ತುಂಬಬಹುದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ! 16 ತುಂಬಿದವರೂ ಮುಂಚೆಯೇ ಹೆಸರು ಕೊಟ್ಟಿಡಬಹುದು ಅಂದಾಗ ಒಬ್ಬಳು ಅಲ್ಲೇ ತಂಗಿಗೆ ಮೆಸೇಜ್ ಹಾಕಿದಳು.

ಇನ್ನೊಬ್ಬ, "ನಿಮ್ಮ ಓಟು ಯಾರಿಗೆ?" ಅಂದ. ನನ್ನದು ಗ್ರೀನ್ ಕಾರ್ಡ್, ನನಗೇ ಓಟಿಲ್ಲ ಮಾರಾಯ ಅಂದೆ. ಇಡೀ ಕ್ಲಾಸ್ ನಕ್ಕಿತು. ನಾಗರಿಕರಲ್ಲದವರು ಸುಮ್ನೆ ಸಹಿ ಹಾಕಬೇಡಿ ಅಂತ ಹೇಳುವುದೂ ಆಗ ಸುಲಭವಾಯ್ತು.

ಮುಂದಿನ ವಾರ ನರ್ಸಿಂಗ್ ಕ್ಲಾಸು.